ಕೆನೆಕುದುರೆ ನೀರು ಕುಡಿಯುವ ತನಕ

ನಾನು ಮಾತಿನವಳಲ್ಲ. ನಮ್ಮಪ್ಪ ಪದ ಹೇಳುವವನು. ಚಳಿಗಾಲ ಬಂತೆಂದರೆ ಒಲೆಯ ಪಕ್ಕ ಕೂತು ಏಳೆಂಟು ದಿನ ಒಂದೇ ಕಥೆಯನ್ನು ಹಾಡಿಕೊಂಡು ಹೋಗುತ್ತಿದ್ದ. ನಾನು ಎದುರು ಕೂತು ಕೇಳಿಸಿಕೊಂಡೇ ದೊಡ್ಡವಳಾದೆ. ನಡುವೆ ಯಾರಾದರೂ ಬಾಯಿ ಬಿಟ್ಟರೆ ಪದದ ಉಸಿರು ಕಡಿದುಹೋಗುತ್ತದೆ ಅಂತ ಅಮ್ಮ ನನ್ನ ತುಟಿಯ ಮೇಲೆ ಬೆರಳಿಡುತ್ತಿದ್ದಳು. ನನಗೆ ಐವತ್ತೆರಡು ವರ್ಷವಾದರೂ ಆ ಬೆರಳು ಅಲ್ಲೇ ಇತ್ತು ಅನ್ನಬೇಕು. ಗಂಡನ ಮನೆಯಲ್ಲಿ ಸೋಲಂಗೊ ಅನ್ನುವ ನಾನು ಅಂದರೆ ಚಹಾ ಕೊಟ್ಟು ಸುಮ್ಮನೆ ನಿಲ್ಲುವವಳು, ಅಷ್ಟೇ.

ನಮ್ಮ ಹುಲ್ಲುಗಾವಲಿಗೆ ಈಗ ಚಳಿಗಾಲದಲ್ಲೇ ಜನ ಹೆಚ್ಚು. ದಕ್ಷಿಣದ ಪಟ್ಟಣಗಳಿಂದ ಫೋಟೋದವರು ವ್ಯಾನು ಮಾಡಿಕೊಂಡು ಬರುತ್ತಾರೆ. ಹಿಮದಲ್ಲಿ ಕುದುರೆ ಹಿಂಡು ಓಡಬೇಕು, ಅದರ ಬೆನ್ನಿಗೆ ಸೂರ್ಯ ಹುಟ್ಟಬೇಕು, ಗೊರಸಿನಿಂದೆದ್ದ ಹಿಮದ ಪುಡಿಗೆ ಬೆಳಕು ಹತ್ತಿ ಹೊನ್ನಿನ ಹೊಗೆಯಾಗಬೇಕು. ಅದು ಅವರಿಗೆ ಬೇಕಾದ ಚಿತ್ರ. ಆ ಬೆಳಕು ಇರುವುದು ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೋಸ್ಕರ ಕತ್ತಲಿರುವಾಗಲೇ ಎದ್ದು, ಮೈನಸ್ ಮೂವತ್ತನಾಲ್ಕರ ಚಳಿಯಲ್ಲಿ ಗುಡ್ಡದ ಇಳಿಜಾರಿನಲ್ಲಿ ಕ್ಯಾಮೆರಾದ ಮುಕ್ಕಾಲಿಗಳನ್ನು ಸಾಲಾಗಿ ನೆಟ್ಟು, ಚಳಿಗೆ ಸಾಯದಿರಲೆಂದು ಬ್ಯಾಟರಿಗಳನ್ನು ಕಂಕುಳಲ್ಲಿಟ್ಟುಕೊಂಡು ನಿಲ್ಲುತ್ತಾರೆ. ಹಟ ಅಂದರೆ ಹಟ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಓಡುವುದು ನಮ್ಮ ಕುದುರೆಗಳು. ನಮ್ಮವು ಅಂದರೆ ನನ್ನ ತವರಿನವು. ಮದುವೆಯಲ್ಲಿ ಅಪ್ಪ ಹೊಡೆದುಕೊಂಡು ಬಂದು ಬಿಟ್ಟುಹೋದ ಹಿಂಡು. ಓಡಿಸುವವನು ನನ್ನ ಮೈದುನ ಚುಲೂನ್. ನನ್ನ ಗಂಡ ಜಿರ್ಗಲ್ ಮೊದಲ ವರ್ಷವೇ ಎರಡು ಕಟ್ಟಳೆ ಹಾಕಿದ್ದ: ಒಂದು ಬೆಳಿಗ್ಗೆಗೆ ಎರಡೇ ಓಟ, ಗಬ್ಬದ ಕುದುರೆ ಓಟಕ್ಕಿಲ್ಲ.

ಆ ವರ್ಷ ಗಬ್ಬದ್ದು ಒಂದೇ ಇತ್ತು. ನಾವು ಕುದುರೆಗೆ ಹೆಸರಿಡುವುದಿಲ್ಲ, ಬಣ್ಣದಿಂದ ಕರೆಯುತ್ತೇವೆ. ಇವಳು ಕೆನೆಕುದುರೆ, ಹಾಲು ಕಾಸಿ ಇಟ್ಟರೆ ಮೇಲೆ ಕಟ್ಟುತ್ತದಲ್ಲ, ಆ ಬಣ್ಣ. ಅಪ್ಪನ ಕಾಲದಿಂದ ಬಂದ ಮುದಿ ಬೀಜದ ಕುದುರೆ ಶರತ್ಕಾಲದಲ್ಲಿ ಸಿಡಿಲು ಬಡಿದು ಸತ್ತಿತ್ತು. ಅದಕ್ಕೂ ಹಿಂದಿನ ಎರಡು ವರ್ಷ ಅದರಿಂದ ಯಾವ ಹೆಣ್ಣಿಗೂ ಗಬ್ಬ ನಿಂತಿರಲಿಲ್ಲ. ಆ ಬೇಸಿಗೆಯಲ್ಲಿ ಇವಳೊಬ್ಬಳಿಗೆ ನಿಂತಿತು. ಅದರ ಬೀಜದ್ದು ಅಂತ ಭೂಮಿಯ ಮೇಲೆ ಇನ್ನು ಹುಟ್ಟಬೇಕಿದ್ದದ್ದು ಇವಳ ಹೊಟ್ಟೆಯಲ್ಲಿದ್ದದ್ದೊಂದೇ. ಹುಲ್ಲು ಚಿಗುರುವ ಹೊತ್ತಿಗೆ ಈಯಬೇಕಿತ್ತು.

ನಾನು ಹೇಳಹೊರಟ ದಿನದ ಹೊತ್ತಿಗೆ ಜಿರ್ಗಲ್ ಒಣಹುಲ್ಲು ತರಲು ಟ್ರ್ಯಾಕ್ಟರ್ ತೆಗೆದುಕೊಂಡು ಹೋಗಿ ಎರಡು ದಿನವಾಗಿತ್ತು. ದಾರಿ ಹಿಮದಲ್ಲಿ ಮುಚ್ಚಿಹೋಗಿ ಅಲ್ಲೇ ಸಿಕ್ಕಿಕೊಂಡಿದ್ದ. ಅವನಿದ್ದರೆ ಓಟದ ಹಿಂದಿನ ಸಂಜೆ ಕೆನೆಕುದುರೆಯನ್ನು ಎರಡು ಗುಡ್ಡದಾಚೆ ನೆಂಟರ ದೊಡ್ಡಿಗೆ ಬಿಟ್ಟು ಬರುತ್ತಿದ್ದ. ಅಷ್ಟು ದೂರ ಯಾಕೆ ಅಂತ ನಾನು ಕೇಳಿರಲಿಲ್ಲ. ಆ ಸಂಜೆ ನಾನು ಚಳಿಗೆ ಸೋತು, ಇಲ್ಲೇ ಇದ್ದರೇನು ಅಂತ, ಅವಳನ್ನು ಮನೆಯ ಪಕ್ಕದ ದೊಡ್ಡಿಯಲ್ಲೇ ಕೂಡಿ ಬಾಗಿಲಿಗೆ ಹಗ್ಗ ಸುತ್ತಿದೆ. ತಪ್ಪು ನನ್ನಿಂದಲೇ ಶುರುವಾಯಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮರುದಿನ ಪೂರ್ವ ಬೆಳ್ಳಗಾಗುವ ಹೊತ್ತಿಗೆ ಚಹಾದ ಹಂಡೆಯನ್ನು ಜಾರುಗಾಡಿಯ ಮೇಲಿಟ್ಟು ಎಳೆದುಕೊಂಡು ಇಳಿಜಾರಿಗೆ ಹೋದೆ. ಇಪ್ಪತ್ತು ಇಪ್ಪತ್ತೆರಡು ಜನ. ರೆಪ್ಪೆಗೆಲ್ಲ ಹಿಮ ಕಟ್ಟಿತ್ತು. ಕ್ಯಾಮೆರಾಕ್ಕೆ ಕಣ್ಣು ಹಚ್ಚುವಾಗ ಉಸಿರು ತಾಗಿ ಗಾಜು ಮಂಜಾದೀತೆಂದು ಕೆಲವರು ಉಸಿರನ್ನೇ ಹಿಡಿದು ನಿಲ್ಲುತ್ತಿದ್ದರು. ಚುಲೂನ್ ಕುದುರೆಯ ಮೇಲೆ ಅತ್ತಿತ್ತ ಓಡಾಡುತ್ತ ಎಲ್ಲರನ್ನೂ ಮಾತಾಡಿಸುತ್ತಿದ್ದ.

"ಬೇಗ ಬನ್ನಿ ಅತ್ತಿಗೆ, ಮೇಷ್ಟ್ರುಗಳು ಮರಗಟ್ಟಿ ಹೋಗ್ತಾ ಇದಾರೆ."

"ಇಷ್ಟೊಂದು ಮೇಷ್ಟ್ರುಗಳು ಯಾವ ಶಾಲೆಯವರೋ?"

"ಕ್ಯಾಮೆರಾ ಹಿಡಿದೋರೆಲ್ಲ ಮೇಷ್ಟ್ರುಗಳೇ ಅತ್ತಿಗೆ. ಅವರವರೇ ಹಾಗೆ ಕರ್ಕೋತಾರೆ. ಕರ್ಕೊಳ್ಳಿ ಬಿಡಿ, ಶಾಲೆ ಅಂತ ಇಲ್ವಲ್ಲ, ಮಕ್ಕಳು ಬಚಾವು."

ಅವನ ಮಾತಿಗೆ ನನಗೂ ನಗು ಬಂತು. ಚುಲೂನ್ ಕೆಟ್ಟವನಲ್ಲ. ಎಲ್ಲರಿಗೂ ಹೂಂ ಅನ್ನುವವನು. ಅದೇ ಅವನ ಕೇಡು.

ಅವರಲ್ಲೆಲ್ಲ ಹಿರಿಯ ಫಾನ್ ಮೇಷ್ಟ್ರು, ಗುಂಪು ಕಟ್ಟಿಕೊಂಡು ಬರುವವರು. ನಾಲ್ಕನೇ ವರ್ಷ ಬರುತ್ತಿದ್ದರು. ತಲೆಗೆ ದೊಡ್ಡದಾದ ನರಿತೊಗಲ ಟೊಪ್ಪಿ ಹಾಕಿಕೊಂಡು, ವಾಕಿಟಾಕಿ ಹಿಡಿದು ನಿಂತಿದ್ದರು. ಅವರ ಭಾಷೆ ನನಗೆ ಚೆನ್ನಾಗಿ ಬರುತ್ತದೆ. ಬಾರದವಳ ಹಾಗೆ ಇದ್ದರೆ ಎಷ್ಟೋ ಸಲ ಸುಖ, ಹಾಗೇ ಇದ್ದೆ.

"ಬಿಡಿ!" ಅಂದರು ಫಾನ್ ಮೇಷ್ಟ್ರು ವಾಕಿಟಾಕಿಯಲ್ಲಿ. ಸೂರ್ಯ ಇನ್ನೂ ಬಂದಿರಲಿಲ್ಲ. ಇದು ಕೈ ಪಳಗಿಸಿಕೊಳ್ಳುವ ಓಟ. ತಗ್ಗಿನ ಆ ತುದಿಯಿಂದ ಹಿಂಡು ಹೊರಟಿತು. ಹಿಂದೆ ಚುಲೂನ್, ಕುದುರೆ ಹಿಡಿಯುವ ಉದ್ದನೆಯ ಕುಣಿಕೆಕೋಲು ಎತ್ತಿ ಹಿಡಿದು ಕೂಗು ಹಾಕುತ್ತ. ಹಿಂಡು ನಮ್ಮ ಎದುರಿಗೆ ಬರಬೇಕು, ಅಷ್ಟರಲ್ಲಿ ಮನೆಯ ಕಡೆಯಿಂದ ಕೆನೆಕುದುರೆ ಕೂಗಿತು. ಒಂದೇ ಕೂಗು, ಉದ್ದಕ್ಕೆ.

ಹೊಸ ಬೀಜದ ಕುದುರೆ ಎಳೆಯವನು, ಕಂದುಬಣ್ಣದವನು, ಅವನಿಗೆ ಇದು ಹಿಂಡಿನ ಮೊದಲ ಚಳಿಗಾಲ. ಕೂಗು ಕೇಳಿದ್ದೇ ಕಿವಿ ನಿಮಿರಿಸಿ, ಕತ್ತು ನೆಲಕ್ಕೆ ಬಗ್ಗಿಸಿ, ಹಿಂಡನ್ನೆಲ್ಲ ತಳ್ಳಿಕೊಂಡು ಮನೆಯ ಕಡೆಗೆ ತಿರುಗಿಬಿಟ್ಟ. ತನ್ನ ಹೆಣ್ಣುಗಳಲ್ಲಿ ಒಂದು ಕಡಿಮೆ ಅಂತ ಅವನಿಗೆ ಗೊತ್ತಾಗಿತ್ತು. ಜಿರ್ಗಲ್ ಯಾಕೆ ಎರಡು ಗುಡ್ಡ ದಾಟಿಸುತ್ತಿದ್ದ ಅಂತ ನನಗೂ ಆಗಲೇ ಗೊತ್ತಾದದ್ದು. ಇಪ್ಪತ್ತೆರಡು ಕ್ಯಾಮೆರಾಗಳ ಎದುರು ಬರೀ ಹಿಮ ಉಳಿಯಿತು.

"ಎಲ್ಲಿಗೆ ಹೋದ್ವು?" "ಇದನ್ನ ನೋಡೋಕೆ ಸಾವಿರಾರು ಮೈಲಿ ಬಂದ್ವಾ?" "ಬಾಲದ ಚಿತ್ರ ಬೇಕಿದ್ರೆ ಮನೇಲಿ ನಾಯಿ ಇತ್ತು!" ಒಬ್ಬೊಬ್ಬರದು ಒಂದೊಂದು.

ಫಾನ್ ಮೇಷ್ಟ್ರು ಗಡಿಯಾರ ನೋಡಿಕೊಂಡರು. "ಚುಲೂನ್, ಏನಪ್ಪಾ ಇದು? ಇನ್ನು ಹನ್ನೆರಡು ನಿಮಿಷ. ನಿನಗೋಸ್ಕರ ಸೂರ್ಯ ಕಾಯ್ತಾ ಕೂರ್ತಾನಾ?"

"ಸರಿ ಮಾಡ್ತೀನಿ ಮೇಷ್ಟ್ರೇ. ಎರಡೇ ನಿಮಿಷ," ಅಂದ ಚುಲೂನ್ ವಾಕಿಟಾಕಿಯೊಳಗಿಂದ.

ಏನು ಸರಿ ಮಾಡುತ್ತಾನೆ ಅಂತ ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಚಹಾ ಬಗ್ಗಿಸುತ್ತಿದ್ದೆ.

ಆಮೇಲೆ ಸೂರ್ಯ ಬಂದ. ಎರಡು ಬೋಳುಗುಡ್ಡಗಳ ನಡುವಿನ ತಗ್ಗಿನಲ್ಲಿ ಮೊದಲು ಒಂದು ಗೆರೆ, ಆಮೇಲೆ ಅಂಚು. ಹಿಮವೆಲ್ಲ ಒಮ್ಮೆಗೇ ಕೆಂಪಾಯಿತು. ನಾನು ದಿನಾ ಮಾಡುವ ಹಾಗೆ ಉಂಗುರದ ಬೆರಳನ್ನು ಹಾಲಿನ ಚಹಾದಲ್ಲಿ ಅದ್ದಿ ಆಕಾಶಕ್ಕೆ ಚಿಮುಕಿಸಿದೆ. ಅಪ್ಪ ಕುದುರೆಗೆ ಹೇಳುತ್ತಿದ್ದ ಪದದ ಎರಡು ಸಾಲು ತುಟಿಯೊಳಗೇ ಬಂದವು:

ಬೆಳಕಿನ ಬದಿಯಿಂದ ಬಂದವನೇ, ತಂಪು ಮೂಗಿನವನೇ,
ನಿನ್ನ ಬೆವರು ನನಗಿರಲಿ, ನನ್ನ ದಣಿವು ನಿನಗೆ ತಾಗದಿರಲಿ.

ಹಿಂಡು ಬಂತು. ಈ ಸಲ ನೆಟ್ಟಗೆ ಬಂತು. ಹಿಮದ ಪುಡಿ ಆಳೆತ್ತರ ಎದ್ದು ಹೊತ್ತಿಕೊಂಡು ಉರಿಯಿತು. ಕ್ಯಾಮೆರಾಗಳು ಕಾಳು ಹುರಿದ ಹಾಗೆ ಚಟಪಟ ಅಂದವು. ಎಷ್ಟು ಚೆಂದ ಅಂತ ನನಗೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆ ಹೊನ್ನಿನ ಹೊಗೆಯನ್ನು ಸೀಳಿಕೊಂಡು ಎಲ್ಲಕ್ಕಿಂತ ಮುಂದೆ, ಕಂದು ಗಂಡಿನ ಪಕ್ಕಕ್ಕೇ ಓಡಿ ಬಂದದ್ದು ಕೆನೆಬಣ್ಣ. ಹೊಟ್ಟೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಿತ್ತು.

ಕೈಯಲ್ಲಿದ್ದ ಬಟ್ಟಲನ್ನು ಜಾರುಗಾಡಿಯ ಮೇಲೆ ಕುಕ್ಕಿ ಫಾನ್ ಮೇಷ್ಟ್ರ ಕಡೆಗೆ ಓಡಿದೆ.

"ಆ ಬಿಳೀದು! ಆ ಬಿಳೀದು ಎಲ್ಲಿತ್ತು ಇಷ್ಟು ದಿನ?" ಫಾನ್ ಮೇಷ್ಟ್ರು ಕುಣಿದಾಡುತ್ತಿದ್ದರು. "ಚುಲೂನ್, ತಿರುಗಿಸು! ಇನ್ನೊಂದು ಸಲ! ಬಿಳೀದನ್ನೇ ಮುಂದೆ ಬಿಡು!"

ನಾನು ಅವರ ತೋಳು ಹಿಡಿದೆ. "ಮೇಷ್ಟ್ರೇ, ಅದು ಗಬ್ಬದ ಕುದುರೆ. ಓಡಿಸಬಾರದು."

"ಅರೆ, ಅಕ್ಕಾ, ನಿಮಗೆ ನಮ್ಮ ಮಾತು ಬರುತ್ತಾ!" ಅವರಿಗೆ ಅದೇ ದೊಡ್ಡ ಸೋಜಿಗ. ಕಣ್ಣು ಕ್ಯಾಮೆರಾದಿಂದ ಕದಲಲಿಲ್ಲ. "ಒಂದೇ ಸಲ ಅಕ್ಕಾ. ಐದು ನಿಮಿಷದ ಬೆಳಕು. ಆಮೇಲೆ ನಾಳೆವರೆಗೆ ಮಲಗಿರ್ಲಿ ಅದು."

"ನಿಲ್ಲಿಸೋಕೆ ಹೇಳಿ."

"ಹೂಂ ಹೂಂ, ಇದೊಂದು ಆಗ್ಲಿ."

"ಅದನ್ನ ಇಲ್ಲಿ ಕೊಡಿ," ಅಂತ ವಾಕಿಟಾಕಿಗೆ ಕೈ ಚಾಚಿದೆ. ನೊಣ ಓಡಿಸುವ ಹಾಗೆ ನನ್ನ ಕೈಯನ್ನು ಆಚೆ ಸರಿಸಿದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಜಾರುಗಾಡಿಯ ಹಗ್ಗ ಬಿಟ್ಟೆ. ಮುಕ್ಕಾಲಿಗಳ ಸಾಲಿನ ನಡುವೆಯೇ ನುಗ್ಗಿ ಇಳಿಜಾರು ಇಳಿದೆ. ಮೊಣಕಾಲುದ್ದ ಹಿಮ, ಎದ್ದು ಬಿದ್ದು, ತಗ್ಗಿನ ನಟ್ಟನಡುವೆ, ಅವರ ಸೂರ್ಯನಿಗೂ ಅವರಿಗೂ ಅಡ್ಡ ಹೋಗಿ ನಿಂತೆ.

ಹಿಂದಿನಿಂದ ಬಂದವು ಕೂಗುಗಳು. "ಏಯ್, ಆಚೆ ಹೋಗಿ!" "ಅಕ್ಕಾ, ಪಕ್ಕಕ್ಕೆ, ಪಕ್ಕಕ್ಕೆ!" "ಯಾರ್ರೀ ಅದು?" "ಚಹಾದವಳು!" "ಚಹಾದವಳಿಗೆ ಅಲ್ಲೇನು ಕೆಲಸ?"

ಕೆಲಸ ಇತ್ತು. ಹಿಂಡು ತಿರುಗಿ ಬರುತ್ತಿತ್ತು. ಎರಡೂ ಕೈ ಅಗಲಿಸಿದೆ. ಕುದುರೆ ಕರೆಯುವಾಗ ಅಪ್ಪ ಗಂಟಲಾಳದಿಂದ ತೆಗೆಯುತ್ತಿದ್ದ ದನಿ, "ಗುರೀ, ಗುರೀ, ಗುರೀ", ನನ್ನ ಗಂಟಲಿಂದ ಬಂತು. ಮೆತ್ತಗೆ ಕರೆಯಬೇಕಾದ ದನಿ ಅದು. ನಾನು ಅದನ್ನು ಕಿರುಚಿದೆ. ಕಂದು ಗಂಡು ಮೊದಲು ಕಾಲೂರಿತು. ಉಳಿದವು ನನ್ನ ಎಡಬಲಕ್ಕೆ ಒಡೆದುಕೊಂಡು ಹೋದವು. ಒಂದರ ಭುಜ ತಾಗಿ ಕೂತುಬಿಟ್ಟೆ. ಎದ್ದಾಗ ಕೆನೆಕುದುರೆ ನನ್ನೆದುರು ನಿಂತು ಏದುತ್ತಿತ್ತು. ಮೈಯಿಂದ ಹಬೆ ಏಳುತ್ತಿತ್ತು, ಎದೆಯ ಬೆವರು ಆಗಲೇ ಬಿಳಿ ಕಟ್ಟುತ್ತಿತ್ತು. ಓಡಿ ಬೆಂದ ಕುದುರೆಯನ್ನು ಆ ಚಳಿಯಲ್ಲಿ ಗಕ್ಕನೆ ನಿಲ್ಲಿಸುವುದೂ ಕೇಡೇ. ನಿಲ್ಲಿಸಿದವಳು ನಾನು. ಸೊಂಟದ ಪಟ್ಟಿ ಬಿಚ್ಚಿ ಅವಳ ಕತ್ತಿಗೆ ಹಾಕಿ, ಮಾತಾಡುವ ಮೊದಲೇ ನಡೆಸಲು ಶುರುಮಾಡಿದೆ.

ಚುಲೂನ್ ಕುದುರೆಯಿಂದ ಹಾರಿ ಓಡಿಬಂದ. "ಅತ್ತಿಗೆ! ಹುಚ್ಚು ಹಿಡೀತಾ? ತುಳಿದು ಹಾಕ್ತಿದ್ವು!"

"ಬಾಗಿಲು ಯಾರು ತೆಗೆದಿದ್ದು?"

"ಅದು ಕೂಗ್ತಾನೇ ಇತ್ತು ಅತ್ತಿಗೆ. ಗಂಡು ತಿರುತಿರುಗಿ ಅಲ್ಲಿಗೇ ಹೋಗ್ತಾನೆ. ನಾನೇನ್ ಮಾಡ್ಲಿ?"

"ಯಾರು ತೆಗೆದಿದ್ದು ಅಂದೆ."

"ನಾನೇ."

"ನಿಮ್ಮಣ್ಣ ಏನು ಹೇಳಿ ಹೋಗಿದ್ದ?"

"ಅಣ್ಣ ಇದ್ದಿದ್ರೆ ಅವನೇ…"

"ಅಣ್ಣ ಇದ್ದಿದ್ರೆ ನೀನು ಆ ಹಗ್ಗ ಮುಟ್ತಿರ್ಲಿಲ್ಲ. ನಾನಿದ್ದೆ. ಅದಕ್ಕೇ ಮುಟ್ಟಿದೆ."

ನನ್ನ ಬಾಯಿಂದ ಅಷ್ಟು ಮಾತು ಅವನು ಯಾವತ್ತೂ ಕೇಳಿರಲಿಲ್ಲ.

ದೊಡ್ಡಿಯ ಸುತ್ತ ನಡೆಸಿದೆ. ಮರದ ಪಟ್ಟಿಯಿಂದ ಬೆವರು ಕೆರೆದೆ, ಉಣ್ಣೆಯ ಕಂಬಳಿ ಹೊದಿಸಿದೆ, ಮತ್ತೆ ನಡೆಸಿದೆ. ಹಿಮಕ್ಕೆ ಬಾಯಿ ಹಾಕಲು ಹೋದಾಗಲೆಲ್ಲ ಎಳೆದೆ. ಹೊಟ್ಟೆಯೊಳಗಿನದು ಇದೆಯೋ ಹೋಯಿತೋ ನೋಡಲು ನಮಗೆ ಗೊತ್ತಿರುವುದು ಒಂದೇ ದಾರಿ. ತಾಯಿಗೆ ತಣ್ಣೀರು ಕುಡಿಸಬೇಕು. ಚಳಿ ಒಳಗೆ ತಾಗಿ ಮರಿ ಒದೆಯುತ್ತದೆ. ಪಕ್ಕೆಗೆ ಕೈಯಿಟ್ಟರೆ ತಿಳಿಯುತ್ತದೆ. ಬಿಸಿಯಾದ ಕುದುರೆಗೆ ತಣ್ಣೀರು ಕುಡಿಸಿದರೆ ಮಾತ್ರ ತಾಯಿಯೇ ಉಳಿಯುವುದಿಲ್ಲ. ಹಾಗಾಗಿ ಬೆವರು ಪೂರಾ ಆರಿ, ಒಳಗಿನ ಕಾವು ಇಳಿಯುವ ತನಕ ಕಾಯಲೇಬೇಕು. ಮಧ್ಯಾಹ್ನವಾದೀತು. ಅಲ್ಲಿಯವರೆಗೆ ನಾನು ನಡೆಸುತ್ತಿರುವುದು ಎರಡು ಜೀವವನ್ನೋ, ಒಂದನ್ನೋ ತಿಳಿಯುವ ಹಾಗಿರಲಿಲ್ಲ.

ಅಪ್ಪನ ಆ ಎರಡು ಸಾಲು ಹೇಳಿಕೊಂಡು ನಡೆಯೋಣ ಅಂತ ನೋಡಿದೆ. ಬರಲಿಲ್ಲ. ಸಿಟ್ಟಿನ ಬಾಯಲ್ಲಿ ಪದ ಹೇಳಬಾರದು, ಹೇಳಿದರೆ ಅದು ಶಾಪವಾಗಿ ಕೂರುತ್ತದೆ ಅನ್ನುತ್ತಿದ್ದ ಅಪ್ಪ. ಸುಮ್ಮನೆ ನಡೆದೆ. ಸುತ್ತು ಸುತ್ತಿಗೂ ಸಿಟ್ಟು ಗಟ್ಟಿಯಾಯಿತು. ಚುಲೂನನ ಮೇಲೆ, ನೊಣ ಓಡಿಸಿದ ಆ ಕೈಯ ಮೇಲೆ, ಚಳಿಗೆ ಸೋತು ಎರಡು ಗುಡ್ಡ ದಾಟದ ನನ್ನ ಮೇಲೆ.

ಹೊತ್ತು ಮೇಲೇರಿದ ಮೇಲೆ ಫಾನ್ ಮೇಷ್ಟ್ರು ಬಂದರು. ಹಿಂದೆ ಚುಲೂನ್. ಕ್ಷಮೆ ಕೇಳಲು ಬಂದರು ಅಂದುಕೊಂಡೆ. ಬೇಲಿಯ ಮೇಲಿಂದ ಕ್ಯಾಮೆರಾ ಚಾಚಿದರು.

"ಅಕ್ಕಾ, ಒಂದು ನಿಮಿಷ ನಿಂತು ಇದನ್ನ ನೋಡಿ."

"ನಿಲ್ಲೋ ಹಾಗಿಲ್ಲ," ಅಂದೆ. ಅವರು ಬೇಲಿಯುದ್ದಕ್ಕೂ ನನ್ನ ಜೊತೆಗೇ ನಡೆದರು. ಕ್ಯಾಮೆರಾದ ಬೆನ್ನಿನ ಗಾಜಿನಲ್ಲಿ ನಾನಿದ್ದೆ. ಸೂರ್ಯ ನನ್ನ ತಲೆಯ ಹಿಂದೆ. ಕೈ ಅಗಲಿಸಿದ ಕರಿಯ ನೆರಳು. ಎರಡೂ ಕಡೆ ಸಿಡಿದು ಹೋಗುತ್ತಿರುವ ಕುದುರೆಗಳು. ಸುತ್ತ ಬೆಂಕಿಯಂಥ ಹಿಮ. ಪಕ್ಕಕ್ಕೆ ಹೋಗು ಅಂತ ಬಾಯಿ ಬಡಿದುಕೊಂಡವರು ಬೆರಳನ್ನು ಮಾತ್ರ ಗುಂಡಿಯಿಂದ ತೆಗೆದಿರಲಿಲ್ಲ.

"ನಾಲ್ಕು ವರ್ಷದಲ್ಲಿ ಇಂಥದ್ದು ಸಿಕ್ಕಿರ್ಲಿಲ್ಲ ಅಕ್ಕಾ. ನಿಮ್ಮ ನಿಲುವು, ಆ ಕೈ! ಕೆಲವರಿಗೆ ಸರಿಯಾಗಿ ಬಂದಿಲ್ಲ, ಪಾಪ. ಅದಕ್ಕೇ ಕೇಳ್ತಾ ಇದೀನಿ. ನಾಳೆ ಬೆಳಿಗ್ಗೆ ಇದೇ ಬಟ್ಟೇಲಿ ಬಂದು, ಹೀಗೇ ಒಂದು ಸಲ ನಿಲ್ತೀರಾ?"

ನಡೆಯುತ್ತಲೇ ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

"ಇದರ ಹೊಟ್ಟೇಲಿ ಮರಿ ಇದೆ ಮೇಷ್ಟ್ರೇ. ಇದೆಯೋ ಸತ್ತಿದೆಯೋ ನನಗಿನ್ನೂ ಗೊತ್ತಿಲ್ಲ. ನಿಮಗೆ ನನ್ನ ಕೈ ಕಾಣ್ತು."

"ಛೆ, ಹಾಗಲ್ಲ ಅಕ್ಕಾ. ಏನೂ ಆಗಿರಲ್ಲ ಬಿಡಿ. ಗಟ್ಟಿ ಕುದುರೆ ಇವು."

"ನಾಳೆ ಹಿಂಡು ಬರಲ್ಲ. ನಾಡಿದ್ದೂ ಬರಲ್ಲ."

"ಅಂದ್ರೆ? ಇಷ್ಟು ಜನ ಬಂದಿದಾರೆ. ನಾನು ಅವರಿಗೆ ಏನು ತೋರಿಸ್ಲಿ?"

"ಸೂರ್ಯ ಬರ್ತಾನಲ್ಲ, ಅವನನ್ನ ತೆಗೀರಿ. ಅವನೇನು ನಮ್ಮ ದೊಡ್ಡಿಯವನಲ್ಲ."

ಫಾನ್ ಮೇಷ್ಟ್ರು ಚುಲೂನನ ಮುಖ ನೋಡಿದರು. ಇಂಥ ಹೊತ್ತಲ್ಲಿ ನಕ್ಕು ಮಾತು ತೇಲಿಸುವುದು ಅವನ ಕೆಲಸ. ಅವನು ನಕ್ಕ ಕೂಡ. "ಅತ್ತಿಗೆ ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಮೇಷ್ಟ್ರೇ, ಅದಕ್ಕೇ. ಸಂಜೆ ನಾನು ಮಾತಾಡ್ತೀನಿ."

"ಸಂಜೇನೂ ಇದೇ ಮಾತು," ಅಂದೆ. ಮೇಷ್ಟ್ರು ಟೊಪ್ಪಿ ಸರಿಮಾಡಿಕೊಂಡು ಹೊರಟರು.

ನಡುಮಧ್ಯಾಹ್ನ ದಾಟಿತು. ಅವಳ ಕಿವಿಯ ಬುಡ ಮುಟ್ಟಿ ನೋಡಿದೆ, ತಣ್ಣಗಿತ್ತು. ಮುಂಗಾಲಿನ ಕಂಕುಳಲ್ಲಿ ಕೈ ತೂರಿಸಿದೆ, ಒಣಗಿತ್ತು. ಹೊಳೆಗೆ ಕರೆದುಕೊಂಡು ಹೋದೆ. ಚುಲೂನ್ ಹೇಳಿಸಿಕೊಳ್ಳದೆ ಕೊಡಲಿ ತಂದು, ಹೆಪ್ಪುಗಟ್ಟಿದ ನೀರು ಕಡಿದು ಕಿಂಡಿ ಮಾಡಿದ. ಕಪ್ಪು ನೀರು ಮೇಲೆ ಬಂತು. ಅವಳು ಮೂಗು ತಾಗಿಸಿ, ಹಿಂದೆಗೆದು, ಆಮೇಲೆ ಕುಡಿದಳು. ಗುಟುಕುಗಳು ಕತ್ತಿನುದ್ದಕ್ಕೂ ಇಳಿಯುವುದು ಕಾಣುತ್ತಿತ್ತು.

ಕೈಗವಸು ತೆಗೆದು ಬರಿಗೈಯನ್ನು ಪಕ್ಕೆಗೆ, ತೊಡೆಯ ಮುಂದಿನ ಗುಳಿಗೆ ಒತ್ತಿದೆ. ಏನೂ ಇಲ್ಲ. ಕಿಂಡಿಯ ಅಂಚಿನಲ್ಲಿ ಅಷ್ಟರಲ್ಲೇ ಹೊಸ ಪೊರೆ ಕಟ್ಟಲು ಶುರುವಾಗಿತ್ತು. ಬೆರಳು ಮರಗಟ್ಟಿದವು, ಮರಗಟ್ಟಿದ ಕೈಗೆ ಏನು ತಿಳಿದೀತು ಅಂತ ಇನ್ನೊಂದು ಕೈ ಇಟ್ಟೆ. ಏನೂ ಇಲ್ಲ. ಬುರ್ಖನ್ ದೇವರೇ ಅಂದೆ. ಅವಳು ತಲೆಯೆತ್ತಿ ತುಟಿಯಿಂದ ನೀರು ಸೋರಿಸುತ್ತ ನಿಂತಳು, ಮತ್ತೆ ಬಗ್ಗಿ ಕುಡಿದಳು.

ಒದೆಯಿತು.

ಒಳಗಿನಿಂದ, ಮೊದಲು ಸಣ್ಣಗೆ, ಆಮೇಲೆ ಗೊರಸಿನ ಗುದ್ದು ಅಂತ ಗೊತ್ತಾಗುವ ಹಾಗೆ. ಅವಳ ಪಕ್ಕೆಗೆ ಹಣೆಯಿಟ್ಟು ನಿಂತೆ. ಚುಲೂನ್ ಕೊಡಲಿ ಎಸೆದು ಬಂದು ತಾನೂ ಕೈಯಿಟ್ಟ. ಅವನಿಗೂ ಒಂದು ಗುದ್ದು ಸಿಕ್ಕಿತು. ಮುಖ ಅರಳಿತು.

"ನೋಡಿದ್ರಾ ಅತ್ತಿಗೆ! ಏನೂ ಆಗ್ಲಿಲ್ಲ! ಸುಮ್ನೆ ಇಷ್ಟೊತ್ತು ಜೀವ ತಿಂದ್ರಿ."

ಬೆಳಗಿನಿಂದ ಬಂದ ಸಿಟ್ಟೆಲ್ಲ ಆ ಒಂದು ಮಾತಿನ ಮುಂದೆ ಸಿಟ್ಟೇ ಅಲ್ಲ. ಮರಿ ಸತ್ತಿದ್ದರೆ ಅವನು ಅತ್ತಿರುತ್ತಿದ್ದ, ಇನ್ನು ಯಾವತ್ತೂ ಆ ಬಾಗಿಲಿಗೆ ಕೈ ಹಚ್ಚುತ್ತಿರಲಿಲ್ಲ. ಉಳಿಯಿತು. ಉಳಿದದ್ದು ಮರಿಯ ಗಟ್ಟಿತನದಿಂದ. ಅವನು ಅದನ್ನು ತನ್ನ ಲೆಕ್ಕಕ್ಕೆ ಹಾಕಿಕೊಂಡ. ಮುಂದಿನ ಸಲ ಯಾರಾದರೂ ಬೇಗ ಬೇಗ ಅಂದಾಗ ಅವನಿಗೆ ನೆನಪಾಗುವುದು ನನ್ನ ಈ ಮಧ್ಯಾಹ್ನ ಅಲ್ಲ. ಏನೂ ಆಗಲಿಲ್ಲವಲ್ಲ ಅನ್ನುವುದು.

ಅವನ ಕುಣಿಕೆಕೋಲು ಹಿಮದಲ್ಲಿ ನೆಟ್ಟಗೆ ನಿಂತಿತ್ತು. ಹೋಗಿ ಕಿತ್ತುಕೊಂಡೆ. ನಮ್ಮಲ್ಲಿ ಒಬ್ಬ ಗಂಡಸಿನ ಕುಣಿಕೆಕೋಲನ್ನು ಇನ್ನೊಬ್ಬರು ದಾಟುವುದೂ ಇಲ್ಲ, ಕೇಳದೆ ಮುಟ್ಟುವುದೂ ಇಲ್ಲ. ಅವನ ನಗು ಹಾಗೇ ಮುಖದ ಮೇಲೆ ಸಿಕ್ಕಿಕೊಂಡಿತು.

"ಅತ್ತಿಗೆ, ಅದು ನನ್ನದು."

"ಕೋಲು ನಿಂದು. ಹಿಂಡು ನಂದು."

"ಕೊಡಿ ಅತ್ತಿಗೆ. ಆ ಗುಂಪಿನವರು ಅಲ್ಲಿಂದ ನೋಡ್ತಾ ಇದಾರೆ."

"ನೋಡ್ಲಿ."

"ಸಂಜೆ ಹಿಂಡು ಹೊಡ್ಕೊಂಡು ಬರೋದು ಯಾರು?"

"ನಾನು."

"ಅಣ್ಣ ಬಂದ್ರೆ ಏನು ಹೇಳ್ಲಿ ನಾನು?"

"ಬಾಗಿಲು ತೆಗೆದೆ ಅಂತ ಹೇಳು. ಏನೂ ಆಗ್ಲಿಲ್ಲ ಅಂತಾನೂ ಹೇಳು, ಅವನೂ ನೋಡ್ಲಿ ನಿನ್ನ ಮುಖಾನ."

ಅವನು ತಲೆ ತಗ್ಗಿಸಿ ಕೊಡಲಿ ಎತ್ತಿಕೊಂಡ. ಕೆನೆಕುದುರೆಯ ಕತ್ತಿನ ಪಟ್ಟಿಯನ್ನು ಅವನ ಕೈಗೆ ಕೊಟ್ಟೆ. ಎರಡು ಗುಡ್ಡದಾಚೆ ನೆಂಟರ ದೊಡ್ಡಿಗೆ ಕರೆದುಕೊಂಡು ಹೋಗು, ನಡೆದೇ ಹೋಗು, ಅವಳ ಹೆಜ್ಜೆಗೆ ಹೆಜ್ಜೆ ಹಾಕು ಅಂದೆ. ಹೊರಟ. ಒಮ್ಮೆಯೂ ತಿರುಗಿ ನೋಡಲಿಲ್ಲ. ಅವಮಾನವಾಗಿತ್ತು, ಆಗಲಿ.

ಅವನ ಕುದುರೆ ಜೀನು ಹೊತ್ತು ಅಲ್ಲೇ ನಿಂತಿತ್ತು. ಚುಲೂನ್ ಉದ್ದಕಾಲಿನವನು. ಹತ್ತುವಾಗ ಕಾಲಿಡುವ ರಿಕಾಬಿನ ಪಟ್ಟಿಯನ್ನು ಬಿಚ್ಚಿ, ಮರಗಟ್ಟಿದ ಬೆರಳಿಗೆ ಉಸಿರೂದಿಕೊಳ್ಳುತ್ತ, ಎರಡೂ ಬದಿಗೆ ಮೂರು ಮೂರು ತೂತು ಮೇಲಕ್ಕೆ ಏರಿಸಿ ನನ್ನ ಕಾಲಳತೆಗೆ ಕಟ್ಟಿದೆ.